ಫ್ಲೋರಿಡಾ ಕೀಸ್: ಗಾಳಕ್ಕೂ ಕ್ಯಾಮೆರಾಕ್ಕೂ ಕಟ್ಟುಪಾಡಿರುವ ದ್ವೀಪಗಳು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಅಮೆರಿಕದ ಫ್ಲೋರಿಡಾ ಕೀಸ್ ದ್ವೀಪಸಾಲಿನ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಡಲ ಮೇಲೆ ಹಾದುಹೋಗುವ ಏಳು ಮೈಲಿ ಸೇತುವೆ, ಕೀ ವೆಸ್ಟ್ ಊರಿನ ಸೂರ್ಯಾಸ್ತ, ಕಾದಂಬರಿಕಾರ ಹೆಮಿಂಗ್ವೇ ಅವರ ಮನೆಯಲ್ಲಿ ಇಂದಿಗೂ ಓಡಾಡಿಕೊಂಡಿರುವ ಆರು ಬೆರಳಿನ ಬೆಕ್ಕುಗಳು, ಇವೆಲ್ಲ ಅದರಲ್ಲಿ ಚೆನ್ನಾಗಿಯೇ ಬಂದಿವೆ. ಆದರೆ ನೂರು ವರ್ಷಕ್ಕೂ ಮೇಲ್ಪಟ್ಟು ಜನ ಯಾವ ಕಾರಣಕ್ಕಾಗಿ ಆ ದ್ವೀಪಗಳಿಗೆ ಹೋಗುತ್ತಿದ್ದಾರೋ ಆ ಮೀನು ಹಿಡಿಯುವ ಹವ್ಯಾಸ ಮತ್ತು ಅಲ್ಲಿನ ವನ್ಯಜೀವಿಗಳು, ಆಸಕ್ತರು ಗಾಳ ಹಾಕಬಹುದು, ಪುಟ್ಟ ಜಿಂಕೆಗಳನ್ನೂ ನೋಡಬಹುದು ಎಂಬಷ್ಟರಲ್ಲೇ ಮುಗಿದುಹೋಗಿವೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವ ನನ್ನಂಥ ನಿವೃತ್ತರು ಕರ್ನಾಟಕದಲ್ಲಿ ಈಗ ಬಹಳ ಮಂದಿ ಇದ್ದಾರೆ. ಮಗಳೋ ಮಗನೋ ಫ್ಲೋರಿಡಾದಲ್ಲಿದ್ದರೆ ರಜೆಯಲ್ಲಿ ಕೀಸ್‌ಗೆ ಕರೆದುಕೊಂಡು ಹೋಗುವುದು ಹೆಚ್ಚುಕಡಿಮೆ ಖಚಿತ. ಅಂಥವರಿಗಾಗಿ ಆ ಲೇಖನ ಬಿಟ್ಟ ಭಾಗವನ್ನು ತುಂಬುವುದು ಈ ಪತ್ರದ ಉದ್ದೇಶ. ಸ್ವಲ್ಪ ದೀರ್ಘವಾದರೆ ಕ್ಷಮೆಯಿರಲಿ.

ಮೊದಲು ಆ ಜಾಗದ ಸ್ವರೂಪವನ್ನು ತಿಳಿದುಕೊಳ್ಳಬೇಕು. ಮಯಾಮಿ ನಗರದ ದಕ್ಷಿಣದಿಂದ ಆರಂಭವಾಗಿ ನೈಋತ್ಯಕ್ಕೆ ಬಾಗಿದ ಬಿಲ್ಲಿನಂತೆ ಹರಡಿಕೊಂಡಿರುವ ಈ ದ್ವೀಪಗಳು ಹಳೆಯ ಹವಳ ದಿಬ್ಬ ಮತ್ತು ಸುಣ್ಣಕಲ್ಲಿನಿಂದಾದವು. ಕೊನೆಯ ಊರಾದ ಕೀ ವೆಸ್ಟ್ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಕೇವಲ ಒಂದು ಡಿಗ್ರಿಯಷ್ಟು ಉತ್ತರದಲ್ಲಿದ್ದು, ಅಮೆರಿಕದ ಮುಖ್ಯ ಭೂಭಾಗದಲ್ಲಿ ಹಿಮಗಾಳಿ ಬೀಸುವ ತಿಂಗಳುಗಳಲ್ಲೂ ಅಲ್ಲಿ ನೀರು ಹೆಪ್ಪುಗಟ್ಟುವ ಚಳಿ ಬೀಳುವುದಿಲ್ಲ. ಒಂದು ಮಗ್ಗುಲಲ್ಲಿ ಅಟ್ಲಾಂಟಿಕ್, ಇನ್ನೊಂದು ಮಗ್ಗುಲಲ್ಲಿ ಆಳವಿಲ್ಲದ ಫ್ಲೋರಿಡಾ ಕೊಲ್ಲಿ. ಹೀಗಾಗಿ ಕೆರಿಬಿಯನ್ ಕಡೆಯ ಗಿಡಮರ, ಹಕ್ಕಿ, ಹವಳಗಳೂ ಉತ್ತರದ ಭೂಖಂಡದ ಪ್ರಾಣಿಗಳೂ ಇಲ್ಲಿ ಒಟ್ಟಿಗೆ ಬದುಕುತ್ತವೆ. 1912ರಲ್ಲಿ ಹೆನ್ರಿ ಫ್ಲಾಗ್ಲರ್ ಎಂಬ ಉದ್ಯಮಿ ಕಟ್ಟಿಸಿದ ರೈಲು ಮಾರ್ಗ ಕೀ ವೆಸ್ಟ್ ತಲುಪಿತು; 1935ರ ಸೆಪ್ಟೆಂಬರ್‌ನ ಚಂಡಮಾರುತ ಅದನ್ನು ಕಿತ್ತೆಸೆದು ನೂರಾರು ಜನರನ್ನು ಬಲಿ ತೆಗೆದುಕೊಂಡಿತು; ಉಳಿದ ಕಂಬ ಕಮಾನುಗಳ ಮೇಲೆಯೇ 1938ರಲ್ಲಿ ಮೋಟಾರು ರಸ್ತೆ ತೆರೆಯಿತು. ಇಂದಿನ ಏಳು ಮೈಲಿ ಸೇತುವೆ 1982ರದ್ದು. ಪಕ್ಕದಲ್ಲಿ ತುಂಡು ತುಂಡಾಗಿ ನಿಂತಿರುವುದು ಫ್ಲಾಗ್ಲರನ ಕಾಲದ ಸೇತುವೆ.

ಜಿಂಕೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ‘ಕೀ ಡಿಯರ್’ ಎಂದು ಕರೆಯುವ ಈ ಪ್ರಾಣಿ ಅಮೆರಿಕದುದ್ದಕ್ಕೂ ಕಾಣುವ ಬಿಳಿಬಾಲದ ಜಿಂಕೆಯದೇ ಒಂದು ಉಪಜಾತಿ. ಹಿಮಯುಗದಲ್ಲಿ ಕಡಲ ಮಟ್ಟ ಕೆಳಗಿದ್ದಾಗ ನಡೆದು ಬಂದ ಜಿಂಕೆಗಳು ನೀರು ಏರಿದ ಮೇಲೆ ದ್ವೀಪಗಳಲ್ಲಿ ಸಿಕ್ಕಿಬಿದ್ದು, ಸಾವಿರಾರು ವರ್ಷಗಳಲ್ಲಿ ಕುಗ್ಗುತ್ತಾ ಬಂದು, ಈಗ ಭುಜದ ಎತ್ತರ ಎರಡು ಎರಡೂವರೆ ಅಡಿಯಷ್ಟೇ ಉಳಿದಿದೆ. ಬೆಳೆದ ಗಂಡು ಕೂಡ 35 ಕಿಲೋ ಮೀರುವುದು ಅಪರೂಪ. ಬಿಗ್ ಪೈನ್ ಕೀ ಮತ್ತು ಅದರ ಪಕ್ಕದ ನೋ ನೇಮ್ ಕೀ ದ್ವೀಪಗಳಲ್ಲಿ ಇವು ಹೆಚ್ಚು. ಬಿಗ್ ಪೈನ್‌ನಲ್ಲಿ ಸುಣ್ಣಕಲ್ಲಿನ ಅಡಿಯಲ್ಲಿ ಮಳೆನೀರು ನಿಲ್ಲುವುದರಿಂದ ಕುಡಿಯಲು ಸಿಹಿನೀರು ಸಿಗುತ್ತದೆ, ಅದೇ ಇವುಗಳ ಬದುಕಿನ ಆಧಾರ. ರೈಲು ಮಾರ್ಗಕ್ಕೆಂದು ಕಲ್ಲು ತೆಗೆದ ಹಳ್ಳವೊಂದು ನೀರು ತುಂಬಿ ‘ಬ್ಲೂ ಹೋಲ್’ ಎಂಬ ಹೊಂಡವಾಗಿದೆ. ಆಮೆ, ಹಕ್ಕಿ, ಆಗಾಗ ಮೊಸಳೆಯ ಬಳಗದ ಅಲಿಗೇಟರ್ ಕೂಡ ಅಲ್ಲಿ ನೋಡಲು ಸಿಗುತ್ತವೆ.

ಕಳೆದ ಶತಮಾನದ ಮೊದಲ ಭಾಗದಲ್ಲಿ ಬೇಟೆಗಾರರು ಪೊದೆಗಳಿಗೆ ಬೆಂಕಿ ಹಚ್ಚಿ, ನಾಯಿಗಳನ್ನು ಬಿಟ್ಟು ಜಿಂಕೆಗಳನ್ನು ನೀರಿಗೆ ಅಟ್ಟಿ, ಈಜುತ್ತಿರುವಾಗ ದೋಣಿಯಿಂದ ಹೊಡೆಯುತ್ತಿದ್ದರು. ಜೇ ಡಾರ್ಲಿಂಗ್ ಎಂಬ ವ್ಯಂಗ್ಯಚಿತ್ರಕಾರರು 1934ರಲ್ಲಿ ಈ ಕ್ರೌರ್ಯವನ್ನು ಚಿತ್ರಿಸಿದ ಮೇಲೆ ದೇಶದ ಗಮನ ಈ ಕಡೆ ಹರಿಯಿತು. ಒಂದು ಪತ್ರಿಕೆಯ ಚಿತ್ರಕ್ಕೆ ಇಷ್ಟು ಬಲವಿತ್ತು ಎಂಬುದನ್ನು ಸಂಪಾದಕರಾದ ತಮಗೆ ವಿಶೇಷವಾಗಿ ಹೇಳಬೇಕಾಗಿಲ್ಲ. 1939ರಲ್ಲಿ ಬೇಟೆ ನಿಷೇಧವಾದರೂ ಕಳ್ಳಬೇಟೆ ನಿಲ್ಲಲಿಲ್ಲ. ಐವತ್ತರ ದಶಕದ ಹೊತ್ತಿಗೆ ಉಳಿದಿದ್ದವು ಕೆಲವು ಡಜನ್ ಮಾತ್ರ. 1957ರಲ್ಲಿ ರಾಷ್ಟ್ರೀಯ ಕೀ ಡಿಯರ್ ಅಭಯಾರಣ್ಯ ಸ್ಥಾಪನೆಯಾಯಿತು, ಸಂಖ್ಯೆ ನಿಧಾನವಾಗಿ ಏರಿತು. ಈಗ ಸುಮಾರು 800ರಿಂದ 1000ದವರೆಗೆ ಇವೆಯೆಂದು ಅಂದಾಜು. 2016ರಲ್ಲಿ ಗಾಯದಲ್ಲಿ ಮೊಟ್ಟೆಯಿಟ್ಟು ಜೀವಂತ ಮಾಂಸವನ್ನೇ ತಿನ್ನುವ ನೊಣದ ಹುಳು ಹಬ್ಬಿ 130ಕ್ಕೂ ಹೆಚ್ಚು ಜಿಂಕೆಗಳು ಸತ್ತವು. ಸಂತಾನಶಕ್ತಿಯಿಲ್ಲದಂತೆ ಮಾಡಿದ ಗಂಡು ನೊಣಗಳನ್ನು ಕೋಟಿಗಟ್ಟಲೆ ಸಂಖ್ಯೆಯಲ್ಲಿ ಬಿಟ್ಟು ಮರುವರ್ಷ ಅದನ್ನು ಅಡಗಿಸಲಾಯಿತು. ಅದೇ ವರ್ಷದ, ಅಂದರೆ 2017ರ, ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಬಿಗ್ ಪೈನ್‌ಗೆ ಬಹಳ ದೂರವಿಲ್ಲದ ಕಜೋ ಕೀ ದ್ವೀಪದ ಮೇಲೆಯೇ ಬಂದಪ್ಪಳಿಸಿ ಸಿಹಿನೀರಿನ ಹೊಂಡಗಳಿಗೆ ಉಪ್ಪು ಬೆರೆಸಿತು.

ಇಷ್ಟೆಲ್ಲ ದಾಟಿ ಬಂದ ಪ್ರಾಣಿಯನ್ನು ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕೊಲ್ಲುತ್ತಿರುವುದು ಕಾರು. ಆದ್ದರಿಂದ ಬಿಗ್ ಪೈನ್‌ನ ಹೆದ್ದಾರಿಯಲ್ಲಿ ಹಗಲು ಗಂಟೆಗೆ 45 ಮೈಲಿ, ರಾತ್ರಿ 35 ಮೈಲಿಗಿಂತ ವೇಗವಾಗಿ ಓಡಿಸುವಂತಿಲ್ಲ. ಪೊಲೀಸರು ಕಾದು ನಿಂತು ದಂಡ ಹಾಕುತ್ತಾರೆ. ಜಿಂಕೆಗೆ ತಿನ್ನಲು ಕೊಡುವುದು ಅಪರಾಧ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮವರು ಪ್ರಾಣಿ ಕಂಡ ಕೂಡಲೇ ಬಾಳೆಹಣ್ಣು, ಬಿಸ್ಕತ್ತು ಹೊರಗೆ ತೆಗೆಯುತ್ತಾರೆ, ಅದು ಕರುಣೆಯಿಂದಲೇ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ತಿನಿಸಿನ ಆಸೆಗೆ ರಸ್ತೆ ಬದಿಗೆ ಬರುವುದನ್ನು ಕಲಿತ ಜಿಂಕೆ ಇನ್ಯಾರದೋ ಕಾರಿಗೆ ಸಿಕ್ಕುತ್ತದೆ. ಕಾರು ನಿಲ್ಲಿಸಿ, ಒಳಗೇ ಕುಳಿತು, ಸಂಜೆ ಬೆಳಕಿನಲ್ಲಿ ನೋಡಿದರೆ ಅವು ಮನೆಗಳ ಅಂಗಳದಲ್ಲೇ ಮೇಯುತ್ತಿರುವುದು ಕಾಣುತ್ತದೆ. ಹತ್ತಿರ ಹೋಗುವ ಅಗತ್ಯವೇ ಬೀಳುವುದಿಲ್ಲ.

ಮೊಸಳೆ ನೋಡಬೇಕೆಂಬ ಆಸೆಯವರಿಗೆ ಒಂದು ನಿರಾಸೆಯ ಸುದ್ದಿ: ಕೀ ಲಾರ್ಗೋ ದ್ವೀಪದ ಉತ್ತರ ತುದಿಯಲ್ಲಿ 1980ರಲ್ಲಿ ಸ್ಥಾಪಿಸಿದ ಮೊಸಳೆ ಅಭಯಾರಣ್ಯದೊಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಮೊಸಳೆ ಮತ್ತು ಅಲಿಗೇಟರ್ ಎರಡೂ ಒಂದೇ ಕಡೆ ಸಹಜವಾಗಿ ಬದುಕುವುದು ಲೋಕದಲ್ಲೇ ದಕ್ಷಿಣ ಫ್ಲೋರಿಡಾದಲ್ಲಿ ಮಾತ್ರ. 1975ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ್ದ ಅಮೆರಿಕನ್ ಮೊಸಳೆಯ ಸ್ಥಿತಿ 2007ರಲ್ಲಿ ಒಂದು ಮೆಟ್ಟಿಲು ಸುಧಾರಿಸಿತು. ಅದಕ್ಕೆ ನೆರವಾದ ಜಾಗಗಳಲ್ಲಿ ಕೀಸ್‌ನ ಉತ್ತರಕ್ಕಿರುವ ಟರ್ಕಿ ಪಾಯಿಂಟ್ ಅಣು ವಿದ್ಯುತ್ ಸ್ಥಾವರದ ನೀರು ತಣಿಸುವ ಕಾಲುವೆಗಳೂ ಒಂದು ಎಂದರೆ ಯಾರಿಗೂ ಬೇಗ ನಂಬಿಕೆ ಬರಲಾರದು. ಹಕ್ಕಿಗಳ ಮಟ್ಟಿಗೆ ಹೇಳುವುದಾದರೆ, ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1908ರಲ್ಲೇ ಕೀ ವೆಸ್ಟ್‌ನ ಪಶ್ಚಿಮದ ನಡುಗಡ್ಡೆಗಳನ್ನು ಪಕ್ಷಿಗಳಿಗಾಗಿ ಮೀಸಲಿಟ್ಟರು, ಆಗ ಟೋಪಿಗಳಿಗೆ ಗರಿ ಸಿಕ್ಕಿಸುವ ಫ್ಯಾಷನ್ನಿನಿಂದ ಬೆಳ್ಳಕ್ಕಿಗಳು ನಿರ್ನಾಮವಾಗುತ್ತಿದ್ದವು. 1938ರಲ್ಲಿ ದೊಡ್ಡ ಬಿಳಿ ಕೊಕ್ಕರೆಗೆಂದೇ ಇನ್ನೊಂದು ಅಭಯಾರಣ್ಯ ಬಂತು. ಕಾಂಡ್ಲಾ ಕಾಡಿನ ಅಂಚಿನಲ್ಲಿ ಸುಮ್ಮನೆ ದೋಣಿಯಲ್ಲಿ ಕುಳಿತರೆ ಗುಲಾಬಿ ಬಣ್ಣದ ಚಮಚ ಕೊಕ್ಕಿನ ಹಕ್ಕಿ, ಕಂದು ಹೆಜ್ಜಾರ್ಲೆ, ನೆತ್ತಿ ಬೆಳ್ಳಗಿರುವ ಪಾರಿವಾಳ ಕಾಣಬಹುದು.

ಇನ್ನು ಮೀನು. ಯೌವನದಲ್ಲಿ ಭೀಮೇಶ್ವರಿಯ ಕಾವೇರಿ ದಂಡೆಯಲ್ಲಿ ಗಾಳ ಹಿಡಿದು ಕುಳಿತವನಾದ್ದರಿಂದ ಈ ವಿಷಯದಲ್ಲಿ ನನಗೆ ಪಕ್ಷಪಾತವಿದೆ ಎಂದು ಓದುಗರು ಭಾವಿಸಿದರೆ ತಪ್ಪೇನಿಲ್ಲ. ಕೀಸ್‌ನಲ್ಲಿ ಗಾಳಗಾರರನ್ನು ಸೆಳೆಯುವುದು ಎರಡು ಬಗೆಯ ನೀರು. ಹವಳ ದಿಬ್ಬದ ಆಚೆಯ ಆಳ ಕಡಲಿನಲ್ಲಿ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹ ಹರಿಯುತ್ತದೆ. ಸೈಲ್‌ಫಿಷ್, ಟ್ಯೂನಾ, ಮಾಹಿಮಾಹಿ ಅಲ್ಲಿಯವು. ದೊಡ್ಡ ಯಂತ್ರದ ದೋಣಿ, ಹೊಟ್ಟೆ ತೊಳಸುವ ಅಲೆ, ಜೋರು ಖರ್ಚು. ನನ್ನ ಮನಸ್ಸಿಗೆ ಹಿಡಿಸಿದ್ದು ಎರಡನೆಯದು, ‘ಫ್ಲಾಟ್ಸ್’ ಎಂದು ಕರೆಯುವ ಮೊಣಕಾಲಿನಿಂದ ಸೊಂಟದ ಮಟ್ಟದವರೆಗಿನ, ಕಡಲ ಹುಲ್ಲು ಬೆಳೆದ, ತಳ ಸ್ಪಷ್ಟವಾಗಿ ಕಾಣುವ ತಿಳಿನೀರಿನ ವಿಸ್ತಾರ. ಅಲ್ಲಿ ಯಂತ್ರ ನಿಲ್ಲಿಸಿ, ದೋಣಿಯ ಹಿಂಭಾಗದ ಎತ್ತರದ ಅಟ್ಟಣೆಯ ಮೇಲೆ ನಿಂತ ಮಾರ್ಗದರ್ಶಿ ಉದ್ದನೆಯ ಕೋಲು ಊರಿ ಸದ್ದಿಲ್ಲದೆ ದೋಣಿ ನೂಕುತ್ತಾನೆ, ಮುಂಭಾಗದಲ್ಲಿ ನಿಂತವನು ಮೀನನ್ನು ಕಣ್ಣಾರೆ ಕಂಡ ಮೇಲೆ ಮಾತ್ರ ಗಾಳ ಎಸೆಯುತ್ತಾನೆ. ನೆರಳು ಬಿದ್ದರೂ, ದೋಣಿಯ ಹಲಗೆಯ ಮೇಲೆ ಚಪ್ಪಲಿ ಸದ್ದಾದರೂ ಮೀನು ಮಾಯ. ಬೆಳಗಿನಿಂದ ಸಂಜೆಯವರೆಗೆ ನಿಂತು ಒಂದೂ ಸಿಗದೆ ಬರುವವರೇ ಹೆಚ್ಚು. ಅದಕ್ಕಾಗಿ ನೂರಾರು ಡಾಲರ್ ಕೊಟ್ಟು ಮರುವರ್ಷ ಮತ್ತೆ ಬರುತ್ತಾರೆ.

ಈ ತಿಳಿನೀರಿನ ಮೂರು ಮೀನುಗಳಿಗೆ ಲೋಕಪ್ರಸಿದ್ಧಿ ಇದೆ: ಬೋನ್‌ಫಿಷ್, ಪರ್ಮಿಟ್ ಮತ್ತು ಟಾರ್ಪನ್. ಬೆಳ್ಳಿಯ ತಗಡಿನಂಥ ಹುರುಪೆಯ ಟಾರ್ಪನ್ ಮನುಷ್ಯನಿಗಿಂತ ಉದ್ದ ಬೆಳೆಯಬಲ್ಲದು, ಅರ್ಧ ಶತಮಾನಕ್ಕೂ ಹೆಚ್ಚು ಬದುಕಬಲ್ಲದು, ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಬಾಯಿಂದ ಗಾಳಿಯನ್ನೇ ನುಂಗುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಸೇತುವೆಗಳ ಕೆಳಗಿನ ಕಾಲುವೆಗಳಲ್ಲಿ ಇವು ಸಾಲುಗಟ್ಟಿ ಸಾಗುತ್ತವೆ. ಗಾಳಕ್ಕೆ ಸಿಕ್ಕ ಟಾರ್ಪನ್ ಇಡೀ ಮೈ ನೀರಿನಿಂದ ಹೊರಬರುವಂತೆ ಹಾರಿ ತಲೆ ಕೊಡವುವುದನ್ನು ನೋಡುವುದಕ್ಕೆಂದೇ ಜನ ಸೇರುತ್ತಾರೆ.

ಇಷ್ಟು ಕಷ್ಟಪಟ್ಟು ಹಿಡಿದ ಮೀನನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಒಯ್ಯುವಂತೆಯೂ ಇಲ್ಲ. 2013ರಿಂದ ಫ್ಲೋರಿಡಾದಲ್ಲಿ ಬೋನ್‌ಫಿಷ್ ಮತ್ತು ಟಾರ್ಪನ್ ಎರಡನ್ನೂ ಹಿಡಿದು ಬಿಡಬೇಕೆಂಬ ನಿಯಮವಿದೆ. ದಾಖಲೆಗಾಗಿ ಪ್ರಯತ್ನಿಸುವವರು ಮಾತ್ರ 50 ಡಾಲರ್ ಕೊಟ್ಟು ವರ್ಷಕ್ಕೊಂದು ಚೀಟಿ ಪಡೆದು ಒಂದು ಟಾರ್ಪನ್ ಇಟ್ಟುಕೊಳ್ಳಬಹುದು. ಚೀಟಿಯಿಲ್ಲದಿದ್ದರೆ 40 ಅಂಗುಲ ಮೀರಿದ ಟಾರ್ಪನನ್ನು ಫೋಟೊಗೆಂದು ನೀರಿನಿಂದ ಮೇಲೆತ್ತುವುದೂ ತಪ್ಪು. ಪರ್ಮಿಟ್ ಮೀನು ಮೊಟ್ಟೆಯಿಡುವ ಏಪ್ರಿಲ್‌ನಿಂದ ಜುಲೈವರೆಗೆ ಕೀಸ್ ಸುತ್ತ ಅದನ್ನು ಇಟ್ಟುಕೊಳ್ಳುವಂತಿಲ್ಲ. ಕೀ ವೆಸ್ಟ್ ಹತ್ತಿರ ಅವು ಒಟ್ಟುಗೂಡುವ ವೆಸ್ಟರ್ನ್ ಡ್ರೈ ರಾಕ್ಸ್ ಎಂಬ ಹವಳ ದಿಬ್ಬದಲ್ಲಿ ಆ ನಾಲ್ಕು ತಿಂಗಳು ಯಾವ ಮೀನಿಗೂ ಗಾಳ ಹಾಕದಂತೆ ಈಚೆಗೆ ನಿಷೇಧ ಬಂದಿದೆ. ಇದನ್ನು ಬೇಕೆಂದು ಕೇಳಿದವರಲ್ಲಿ ಗಾಳಗಾರರ ಸಂಘಟನೆಗಳೇ ಮುಂದಿದ್ದವು ಎಂಬುದು ಗಮನಿಸಬೇಕಾದ ಸಂಗತಿ. ಮೀನನ್ನು ಬಿಟ್ಟುಬಿಡುವ ಈ ಪದ್ಧತಿ ಅಲ್ಲಿ ಇಂದು ನಿನ್ನೆಯದಲ್ಲ. ಫ್ಲಾಗ್ಲರನ ರೈಲಿನಲ್ಲಿ ಬರುತ್ತಿದ್ದ ಶ್ರೀಮಂತರಿಗಾಗಿ ಲಾಂಗ್ ಕೀ ದ್ವೀಪದಲ್ಲಿ ಮೀನುಗಾರಿಕೆಯ ಶಿಬಿರವೊಂದಿತ್ತು; ಕಾದಂಬರಿಕಾರ ಝೇನ್ ಗ್ರೇ ಅಧ್ಯಕ್ಷರಾಗಿ 1917ರಲ್ಲಿ ಅಲ್ಲಿ ಕಟ್ಟಿದ ಸಂಘ ಸುಮ್ಮನೆ ಮೀನು ಕೊಲ್ಲುವುದನ್ನು ತಡೆಯುವುದೇ ತನ್ನ ಗುರಿಗಳಲ್ಲೊಂದೆಂದು ಸಾರಿತ್ತು. ಶಿಬಿರವನ್ನು 1935ರ ಚಂಡಮಾರುತ ಒಯ್ದಿತು, ಪದ್ಧತಿ ಉಳಿಯಿತು. ಗಾಳ ಚುಚ್ಚಿ ಬಿಡುವುದೂ ಹಿಂಸೆಯೇ ತಾನೇ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಬಿಟ್ಟ ಮೀನುಗಳಲ್ಲಿ ಕೆಲವು ಸಾಯುತ್ತವೆ, ಸೇತುವೆಗಳ ಬಳಿ ದಣಿದ ಟಾರ್ಪನನ್ನು ಹ್ಯಾಮರ್‌ಹೆಡ್ ಶಾರ್ಕ್ ಕಾದಿದ್ದು ತುಂಡರಿಸುವುದೂ ಉಂಟು. ಆದರೆ ಆ ಮೀನು ಜೀವಂತ ಉಳಿದರೆ ಲಾಭವೆಂದು ಲೆಕ್ಕ ಹಾಕುವ ಇಷ್ಟೊಂದು ದೋಣಿಯವರು ಇಲ್ಲದೇ ಹೋಗಿದ್ದರೆ ಆ ನೀರಿನ ಪರವಾಗಿ ಮಾತಾಡುವವರೂ ಇಷ್ಟು ಮಂದಿ ಇರುತ್ತಿರಲಿಲ್ಲ.

ತಿನ್ನಲು ಹಿಡಿಯುವ ಮೀನುಗಳೂ ಇವೆ, ನಮ್ಮ ಕರಾವಳಿಯವರ ಕೆಂಬೇರಿಯ ಬಳಗದ ಸ್ನ್ಯಾಪರ್‌ಗಳು, ಮುರು ಮೀನಿನ ಬಳಗದ ಗ್ರೂಪರ್‌ಗಳು. ಒಂದೊಂದಕ್ಕೂ ಉದ್ದದ ಅಳತೆ, ದಿನಕ್ಕೆ ಇಷ್ಟೇ ಎಂಬ ಮಿತಿ, ಹಿಡಿಯಬಾರದ ತಿಂಗಳು ಬೇರೆ ಬೇರೆ. ಲಾಬ್‌ಸ್ಟರ್‌ನ ಹಂಗಾಮು ಆಗಸ್ಟ್ 6ರಿಂದ ಮಾರ್ಚ್ 31ರವರೆಗೆ. ಅದಕ್ಕೆ ಮೊದಲು ಜುಲೈ ಕೊನೆಯಲ್ಲಿ ಹವ್ಯಾಸಿಗಳಿಗೆಂದು ಎರಡು ದಿನ ಬಿಡುತ್ತಾರೆ, ಆ ಎರಡು ದಿನ ದ್ವೀಪಗಳಲ್ಲಿ ಜಾತ್ರೆಯ ಗದ್ದಲವಿರುವುದರಿಂದ ವನ್ಯಜೀವಿ ನೋಡಹೋಗುವವರು ಆ ವಾರ ತಪ್ಪಿಸುವುದು ಕ್ಷೇಮ. ಕಲ್ಲೇಡಿಯನ್ನು ಹಿಡಿದವರು ನಿಗದಿತ ಅಳತೆಯ ಕೊಂಡಿಯನ್ನಷ್ಟೇ ಮುರಿದುಕೊಂಡು ಏಡಿಯನ್ನು ನೀರಿಗೆ ಬಿಡುತ್ತಾರೆ, ಬದುಕಿದರೆ ಕೊಂಡಿ ಮತ್ತೆ ಬೆಳೆಯುತ್ತದೆ. ಕೀಸ್‌ನಲ್ಲೇ ಹುಟ್ಟಿ ಬೆಳೆದವರು ತಮ್ಮನ್ನು ‘ಕಾಂಕ್’ ಎಂದು ಶಂಖದ ಹೆಸರಿನಿಂದಲೇ ಕರೆದುಕೊಳ್ಳುತ್ತಾರೆ, ಹೋಟೆಲುಗಳಲ್ಲಿ ಶಂಖದ ಹುಳುವಿನ ವಡೆ ವಿಶೇಷ ತಿಂಡಿ. ಆದರೆ ಅತಿಯಾಗಿ ಹಿಡಿದು ಮುಗಿಸಿದ್ದರಿಂದ ಎಂಬತ್ತರ ದಶಕದಿಂದ ಫ್ಲೋರಿಡಾದಲ್ಲಿ ಆ ಶಂಖವನ್ನು ಜೀವಂತ ಹಿಡಿಯುವುದೇ ನಿಷಿದ್ಧ, ತಟ್ಟೆಗೆ ಬರುವುದು ಬಹಾಮಾಸ್‌ನಂಥ ಹೊರಗಿನ ಕಡಲಿನದು. ದೇವರ ಮನೆಗೆ ಚೆನ್ನಾಗಿರುತ್ತದೆಂದು ತಿಳಿನೀರಿನಲ್ಲಿ ಕಂಡ ಶಂಖವನ್ನು ಎತ್ತಿಕೊಳ್ಳುವ ಮುನ್ನ ಒಳಗೆ ಜೀವವಿದೆಯೇ ಎಂದು ನೋಡಿಕೊಳ್ಳಬೇಕು. ಎಷ್ಟು ಬೇಕಾದರೂ ಹಿಡಿಯಿರಿ ಎಂದು ಸರ್ಕಾರವೇ ಹುರಿದುಂಬಿಸುವ ಮೀನು ಒಂದಿದೆ, ಅದು ವಿಷಮುಳ್ಳಿನ ಲಯನ್‌ಫಿಷ್. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಈ ಅಂದದ ಮೀನು ಅಕ್ವೇರಿಯಂಗಳ ಮೂಲಕ ಅಟ್ಲಾಂಟಿಕ್ ಸೇರಿ, ಹವಳದ ಮರಿ ಮೀನುಗಳನ್ನು ಕಬಳಿಸುತ್ತಾ ಹಬ್ಬಿಬಿಟ್ಟಿದೆ.

ಪರವಾನಗಿಯ ವಿಷಯದಲ್ಲಿ ನಮ್ಮವರಿಗೆ ಗೊಂದಲ ಹೆಚ್ಚು. ದಡದಿಂದಲೇ ಆಗಲಿ ಸೇತುವೆಯಿಂದಲೇ ಆಗಲಿ ಗಾಳ ಹಾಕುವ ಹೊರಗಿನವರು ಉಪ್ಪುನೀರಿನ ಮೀನುಗಾರಿಕೆಯ ಪರವಾನಗಿ ಪಡೆಯಲೇಬೇಕು: ಮೂರು ದಿನಕ್ಕೆ 17 ಡಾಲರ್, ಏಳು ದಿನಕ್ಕೆ 30, ವರ್ಷಕ್ಕೆ 47. ಹದಿನಾರು ತುಂಬದ ಮಕ್ಕಳಿಗೆ ಬೇಡ. 65 ದಾಟಿದವರಿಗೆ ವಿನಾಯಿತಿ ಇದೆಯೆಂದು ಕೇಳಿ ನೆಮ್ಮದಿಯಿಂದ ಕುಳಿತುಕೊಳ್ಳುವ ಹಿರಿಯರಿದ್ದಾರೆ, ಆ ವಿನಾಯಿತಿ ಫ್ಲೋರಿಡಾದ ನಿವಾಸಿಗಳಿಗೆ ಮಾತ್ರ, ಮಗನ ಮನೆಗೆ ಬಂದ ನಮಗಲ್ಲ. ಪರವಾನಗಿ ಹೊಂದಿದ ಬಾಡಿಗೆ ದೋಣಿಯಲ್ಲಿ ಹೋದರೆ ದೋಣಿಯವನ ಪರವಾನಗಿಯೇ ಪ್ರಯಾಣಿಕರಿಗೂ ಅನ್ವಯಿಸುತ್ತದೆ. ಈ ಹಣದ ಜೊತೆಗೆ, ಗಾಳದ ಕೋಲು, ರೀಲುಗಳ ಮೇಲೆ 1950ರ ಕಾಯ್ದೆಯಂತೆ ಕೇಂದ್ರ ಸರ್ಕಾರ ವಿಧಿಸುವ ವಿಶೇಷ ತೆರಿಗೆಯೂ ಮೀನುಗಳ ರಕ್ಷಣೆಗೇ ರಾಜ್ಯಗಳಿಗೆ ಹಂಚಿಹೋಗುತ್ತದೆ. ಗಾಳ ಕೊಂಡವನು ತನಗೆ ತಿಳಿಯದೆಯೇ ಮೀನಿನ ಖಾತೆಗೆ ದುಡ್ಡು ಕಟ್ಟಿರುತ್ತಾನೆ.

ಇನ್ನೊಂದು ದಾರಿಯೂ ಅಲ್ಲಿದೆ, ಏನನ್ನೂ ಹಿಡಿಯದೆ ಬಿಡುವುದು. ಕೀ ವೆಸ್ಟ್‌ನಿಂದ ಪಶ್ಚಿಮಕ್ಕೆ ಸುಮಾರು 110 ಕಿಲೋಮೀಟರ್ ದೂರದ ಡ್ರೈ ಟಾರ್ಟುಗಾಸ್ ರಾಷ್ಟ್ರೀಯ ಉದ್ಯಾನಕ್ಕೆ ರಸ್ತೆಯಿಲ್ಲ, ದೋಣಿ ಅಥವಾ ನೀರಿನ ಮೇಲಿಳಿಯುವ ಪುಟ್ಟ ವಿಮಾನವೇ ಗತಿ. ಕೋಟಿಗೂ ಮೀರಿದ ಇಟ್ಟಿಗೆಗಳಿಂದ ಕಟ್ಟಿ ಪೂರ್ತಿಗೊಳಿಸದೆಯೇ ಬಿಟ್ಟ ಕೋಟೆ ಎಲ್ಲ ಚಿತ್ರಗಳಲ್ಲೂ ಬರುತ್ತದೆ. ಅದರ ಪಕ್ಕದ ಬುಷ್ ಕೀ ನಡುಗಡ್ಡೆಗೆ ಪ್ರತಿ ವರ್ಷ ಹತ್ತಾರು ಸಾವಿರ ಕಪ್ಪು ಬೆನ್ನಿನ ರೀವ ಹಕ್ಕಿಗಳು ಮೊಟ್ಟೆಯಿಡಲು ಬರುವುದು, ಆ ತಿಂಗಳುಗಳಲ್ಲಿ ಅಲ್ಲಿ ಮನುಷ್ಯರು ಕಾಲಿಡುವಂತಿಲ್ಲದಿರುವುದು ಅಷ್ಟಾಗಿ ಬರುವುದಿಲ್ಲ. ಉದ್ಯಾನದ ಹತ್ತಿರ ಹತ್ತಿರ ಅರ್ಧದಷ್ಟು ನೀರಿನಲ್ಲಿ 2007ರಿಂದ ಮೀನುಗಾರಿಕೆ ಇಲ್ಲ. ಅದರ ನೈಋತ್ಯದ ರೈಲೀಸ್ ಹಂಪ್ ಎಂಬ ಮುಳುಗಿದ ದಿಬ್ಬದಲ್ಲಿ ಬೇಸಿಗೆಯ ಹುಣ್ಣಿಮೆಯ ಸುಮಾರಿಗೆ ಮಟನ್ ಸ್ನ್ಯಾಪರ್ ಮೀನುಗಳು ಸಂತಾನಕ್ಕಾಗಿ ನೆರೆಯುತ್ತವೆ. ನೆರೆದಾಗಲೇ ಬಲೆ, ಗಾಳ ಹಾಕಿ ಅವುಗಳನ್ನು ಬಹುತೇಕ ಮುಗಿಸಲಾಗಿತ್ತು. 2001ರಲ್ಲಿ ಆ ಜಾಗಕ್ಕೆ ಪೂರ್ಣ ರಕ್ಷಣೆ ಸಿಕ್ಕ ಕೆಲವೇ ವರ್ಷಗಳಲ್ಲಿ ಸಾವಿರಾರು ಮೀನುಗಳು ಮತ್ತೆ ಕೂಡುವುದನ್ನು ವಿಜ್ಞಾನಿಗಳು ದಾಖಲಿಸಿದರು. ಅಲ್ಲಿ ಹುಟ್ಟಿದ ಮರಿಗಳನ್ನು ಪ್ರವಾಹ ಹೊತ್ತು ತರುವುದು ಗಾಳ ಹಾಕಲು ಅನುಮತಿಯಿರುವ ಕೀಸ್‌ನ ನೀರಿಗೇ.

ಇದನ್ನೆಲ್ಲ ಓದಿ ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ಯಾರೂ ತಿಳಿಯಬಾರದು. 1989ರಲ್ಲಿ ಹದಿನೆಂಟು ದಿನಗಳ ಅವಧಿಯಲ್ಲಿ ಮೂರು ದೊಡ್ಡ ಹಡಗುಗಳು ಹವಳ ದಿಬ್ಬಕ್ಕೆ ಏರಿದ ಮೇಲೆಯೇ ಮರುವರ್ಷ ಇಡೀ ದ್ವೀಪಸಾಲಿನ ಸುತ್ತಲ ಕಡಲನ್ನು ರಾಷ್ಟ್ರೀಯ ಕಡಲ ಅಭಯಧಾಮವೆಂದು ಘೋಷಿಸಿದ್ದು. ಹಡಗಿಗೆ ಕಾನೂನು ಹೇಳಬಹುದು, ಬಿಸಿಗೆ ಹೇಳಲಾಗದು. 2014ರಿಂದ ಹಬ್ಬಿದ ರೋಗವೊಂದು ಕಲ್ಲು ಹವಳಗಳನ್ನು ಕೊಲ್ಲುತ್ತಾ ಬಂದಿದೆ. 2023ರ ಜುಲೈನಲ್ಲಿ ಮ್ಯಾನಟಿ ಬೇ ಎಂಬಲ್ಲಿ ಆಳವಿಲ್ಲದ ನೀರಿನ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟಿತು. ನೀರಿನಡಿ ಸಾಕುತ್ತಿದ್ದ ಹವಳದ ಸಸಿಗಳನ್ನು ಕಿತ್ತು ದಡದ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಅದರ ಬೆನ್ನಿಗೇ ಮೀನುಗಳು ನೀರಿನಲ್ಲಿ ಗಿರಗಿರನೆ ಸುತ್ತಿ ಸಾಯುವ ವಿಚಿತ್ರ ಕಾಣಿಸಿಕೊಂಡು, ಮೊದಲೇ ಅಳಿವಿನಂಚಿನಲ್ಲಿದ್ದ ಗರಗಸ ಮೀನುಗಳು 2024ರಲ್ಲಿ ಐವತ್ತಕ್ಕೂ ಹೆಚ್ಚು ಸತ್ತವು. ತಳದಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಯ ವಿಷದ ಮೇಲೆ ವಿಜ್ಞಾನಿಗಳಿಗೆ ಸಂಶಯವಿದೆ. ಗರಗಸ ಮೀನು ನಮಗೇನೂ ಹೊಸದಲ್ಲ. 2022ರ ಮಾರ್ಚ್‌ನಲ್ಲಿ ಮಲ್ಪೆಯಲ್ಲಿ ದೊಡ್ಡದೊಂದು ಬಲೆಗೆ ಬಿದ್ದದ್ದು ತಮ್ಮ ಓದುಗರಿಗೆ ನೆನಪಿರಬಹುದು. ಇನ್ನು ಫ್ಲೋರಿಡಾ ಕೊಲ್ಲಿಗೆ ಎವರ್‌ಗ್ಲೇಡ್ಸ್ ಜೌಗಿನಿಂದ ಹರಿದುಬರಬೇಕಾದ ಸಿಹಿನೀರನ್ನು ರಸ್ತೆ ಮತ್ತು ಕಾಲುವೆಗಳಿಂದ ಅಡ್ಡಗಟ್ಟಿದ್ದರಿಂದ ಬರಗಾಲದಲ್ಲಿ ಕೊಲ್ಲಿಯ ಉಪ್ಪು ಮಿತಿಮೀರಿ 1987ರಲ್ಲೂ 2015ರಲ್ಲೂ ಸಾವಿರಾರು ಎಕರೆ ಕಡಲ ಹುಲ್ಲು ಕೊಳೆತುಹೋಯಿತು. ಬೋನ್‌ಫಿಷ್ ಹಿಡಿಯುವವರು ಸಿಹಿನೀರಿನ ಆ ಜೌಗಿಗಾಗಿ ಶಾಸನಸಭೆಯ ಮುಂದೆ ಹೋರಾಡುವುದಕ್ಕೆ ಕಾರಣ ಇದೇ.

ಪ್ರವಾಸಿಗರ ಕೈಯಲ್ಲೇ ಇರುವ ಸಂಗತಿಗಳೂ ಕಡಿಮೆಯಿಲ್ಲ. ಮ್ಯಾರಥಾನ್ ಪಟ್ಟಣದಲ್ಲಿ ಹಳೆಯ ಮೋಟೆಲೊಂದರಲ್ಲಿ 1986ರಿಂದ ನಡೆಯುತ್ತಿರುವ ಕಡಲಾಮೆ ಆಸ್ಪತ್ರೆಯಿದೆ, ಟಿಕೆಟ್ ಕೊಂಡು ನೋಡಬಹುದು. ಅಲ್ಲಿಗೆ ಬರುವ ಆಮೆಗಳಲ್ಲಿ ಕೆಲವಕ್ಕೆ ವೈರಸ್‌ನಿಂದಾದ ಗಂಟುಗಳು, ಕೆಲವಕ್ಕೆ ದೋಣಿಯ ಪೆಟ್ಟು, ಇನ್ನು ಕೆಲವಕ್ಕೆ ಗಾಳದ ಎಳೆ ಸುತ್ತಿ ಕೊಳೆತ ಕೈಕಾಲು. ಕಿತ್ತುಹೋದ ಎಳೆಯನ್ನು ನೀರಿಗೆಸೆಯದೆ ಸೇತುವೆಗಳ ಮೇಲಿಟ್ಟಿರುವ ಕೊಳವೆಗಳಿಗೆ ಹಾಕಬೇಕು. ಮೀನು ಹಸನು ಮಾಡಿ ಉಳಿದ ಮುಳ್ಳನ್ನು ಹೆಜ್ಜಾರ್ಲೆಗೆ ಎಸೆದರೆ ಅದರ ಗಂಟಲಚೀಲ ಹರಿಯುತ್ತದೆ. ಬಾಡಿಗೆ ದೋಣಿಯನ್ನು ಸ್ವತಃ ಓಡಿಸುವ ಹುಮ್ಮಸ್ಸಿನ ಯುವಕರು ಆಳವಿಲ್ಲದಲ್ಲಿ ಸಿಕ್ಕಿಕೊಂಡು ಯಂತ್ರದ ಜೋರಿನಿಂದ ಬಿಡಿಸಿಕೊಳ್ಳಲು ನೋಡುತ್ತಾರೆ. ಆಗ ಕಡಲ ಹುಲ್ಲಿನಲ್ಲಿ ಬಿದ್ದ ಗೀರು ಮುಚ್ಚಲು ಹತ್ತು ವರ್ಷವೂ ಸಾಲದಿರಬಹುದು, ದಂಡವೂ ಬೀಳುತ್ತದೆ. ಹವಳದ ಮೇಲೆ ಲಂಗರು ಹಾಕದಿರಲೆಂದು ತೇಲುಬುರುಡೆಗಳನ್ನು ಕಟ್ಟಿದ್ದಾರೆ. 1981ರಲ್ಲಿ ಕೀ ಲಾರ್ಗೋದಲ್ಲಿ ರೂಪಿಸಿದ ಈ ವ್ಯವಸ್ಥೆ ಈಗ ಅನೇಕ ದೇಶಗಳಲ್ಲಿದೆ.

ಇಲ್ಲಿ ಕಾವೇರಿಯ ಮಾತು ತೆಗೆಯದಿರಲು ನನ್ನಿಂದಾಗದು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ದೇಶವಿದೇಶಗಳ ಗಾಳಗಾರರು ಬಿಳಿಮೀನು, ಅಂದರೆ ಮಹಶೀರ್, ಹಿಡಿದು, ತೂಗಿ, ಮತ್ತೆ ಹೊಳೆಗೆ ಬಿಡುತ್ತಿದ್ದ ಕಾಲವೊಂದಿತ್ತು. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ಕಾನೂನಿನ ಅರ್ಥವಿವರಣೆಯಿಂದ ದಶಕಕ್ಕೂ ಹಿಂದೆ ಅದು ನಿಂತಿತು. ಗೂನುಬೆನ್ನಿನ ಆ ಮಹಶೀರ್ ಜಾತಿಗೆ ವಿಜ್ಞಾನಿಗಳು ಖಚಿತವಾದ ಹೆಸರು ಗುರುತಿಸಿದ್ದೇ 2018ರಲ್ಲಿ, ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿ ಸೇರಿತು. ಗಾಳಗಾರರು ಹೋದದ್ದರಿಂದಲೇ ಹೀಗಾಯಿತೆಂದು ನಾನು ವಾದಿಸುವುದಿಲ್ಲ. ಅಣೆಕಟ್ಟು, ಮರಳು, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್, ಸಿಡಿಮದ್ದು, ಎಲ್ಲವೂ ಕಾರಣ. ಆದರೆ ಸಿಡಿಮದ್ದು ಹಾಕುವವರನ್ನು ಕಾಯಲು ಶಿಬಿರಗಳ ಆದಾಯದಿಂದ ಸಂಬಳ ಪಡೆಯುತ್ತಿದ್ದ ಕಾವಲುಗಾರರಲ್ಲಿ ಹಿಂದೆ ಸ್ವತಃ ಮೀನು ಕದಿಯುತ್ತಿದ್ದವರೂ ಇದ್ದರು ಎಂಬುದನ್ನು ಅರಣ್ಯ ಇಲಾಖೆ ಮರೆಯಬಾರದು. ಹಿಡಿಯಲು ಬಿಡುವುದು ಅಥವಾ ಮುಚ್ಚಿಬಿಡುವುದು, ಇವೆರಡೇ ದಾರಿ ಎಂದು ನಾವು ತಿಳಿದಿದ್ದೇವೆ. ಕೀಸ್‌ನಲ್ಲಿ ಒಂದೇ ಕಡಲಿನಲ್ಲಿ ಪೂರ್ತಿ ಮುಚ್ಚಿದ ಜಾಗ, ಕೆಲವು ತಿಂಗಳು ಮುಚ್ಚುವ ಜಾಗ, ಹಿಡಿದು ಬಿಡಬೇಕಾದ ಮೀನು, ಹಿಡಿದು ತಿನ್ನಬಹುದಾದ ಮೀನು, ಎಲ್ಲವೂ ಜೊತೆಗಿವೆ. ಅಭಯಾರಣ್ಯದ ಹೊರಗಿನ ಕಾವೇರಿಯ ಹರಿವಿನಲ್ಲಾದರೂ ಮೀನುಗಾರಿಕೆ ಇಲಾಖೆ, ಅರಣ್ಯ ಇಲಾಖೆ, ದಂಡೆಯ ಊರಿನವರು ಕೂಡಿ ಇಂಥದೊಂದು ವ್ಯವಸ್ಥೆಯನ್ನು ಚರ್ಚಿಸಲು ಅಡ್ಡಿಯೇನು?

ಕೊನೆಯದಾಗಿ, ಹೋಗುವ ಕಾಲದ ಬಗ್ಗೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಅವಧಿ. ತೆರವಿನ ಆದೇಶ ಬಂದರೆ ಇಡೀ ದ್ವೀಪಸಾಲಿನಿಂದ ಹೊರಬರಲು ಇರುವುದು ಹೆಚ್ಚುಕಡಿಮೆ ಒಂದೇ ರಸ್ತೆ, ಪ್ರವಾಸಿಗರನ್ನು ಮೊದಲು ಕಳುಹಿಸುತ್ತಾರೆ. ಹಕ್ಕಿಗೂ ಜಿಂಕೆಗೂ ಡಿಸೆಂಬರ್‌ನಿಂದ ಏಪ್ರಿಲ್ ಹಿತ, ಟಾರ್ಪನ್‌ಗೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ಭಾಗ. ಬೆಂಗಳೂರಿನಿಂದ ಅಮೆರಿಕದ ಪ್ರವಾಸ ಏರ್ಪಡಿಸುವ ಸಂಸ್ಥೆಗಳು ಕೀಸನ್ನು ಮಯಾಮಿಯಿಂದ ಬೆಳಿಗ್ಗೆ ಹೊರಟು ರಾತ್ರಿ ಮರಳುವ ಒಂದು ದಿನದ ಓಟವಾಗಿ ಮಾರುವುದನ್ನು ಬಿಟ್ಟು, ಬಿಗ್ ಪೈನ್ ಅಥವಾ ಮ್ಯಾರಥಾನ್‌ನಲ್ಲಿ ಒಂದೆರಡು ರಾತ್ರಿಯಾದರೂ ತಂಗಿಸಲಿ; ಮೀನಿನ ಪರವಾನಗಿ, ಜಿಂಕೆಯ ನಿಯಮ ಇವುಗಳನ್ನು ಕನ್ನಡದಲ್ಲೇ ಒಂದು ಪುಟದಲ್ಲಿ ಮುದ್ರಿಸಿ ಟಿಕೆಟ್ಟಿನ ಜೊತೆ ಕೊಡಲಿ. ತಮ್ಮ ಪುರವಣಿಯೂ ಮುಂದಿನ ಸಲ ವಿದೇಶದ ವನ್ಯಜೀವಿ ತಾಣಗಳ ಬಗ್ಗೆ ಬರೆಸುವಾಗ ಹೋಟೆಲಿನ ದರದ ಜೊತೆಗೆ ಅಲ್ಲಿನ ಕಾನೂನು ಮತ್ತು ಹಂಗಾಮುಗಳ ವಿವರವನ್ನೂ ಒಂದು ಚೌಕಟ್ಟಿನಲ್ಲಿ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ, ಮೈಸೂರು